ಕರಿಕೋಟೆಯಲ್ಲಿ ತಿಪ್ಪೇಶಿಯ ಸರದಿ

ಹಿರಿಯೂರಿನಲ್ಲಿ ಒಬ್ಬ ತಾಯಿ, ಅವಳಿಗೊಬ್ಬ ಮಗ. ಮಗನಿಗೆ ಬುದ್ಧಿ ಇಲ್ಲ ಎಂದು ಊರವರು ಹೇಳುತ್ತಿದ್ದರು. ಅದು ಅನ್ಯಾಯದ ಮಾತು. ಬುದ್ಧಿ ಇತ್ತು. ಅದನ್ನು ಅವನು ತಾಯಿಯ ಹತ್ತಿರ ಬಿಟ್ಟಿದ್ದ, ಬೇಕಾದಾಗ ಕೇಳಿ ತೆಗೆದುಕೊಳ್ಳುತ್ತಿದ್ದ.

ತಾಯಿಯ ಹೆಸರು ಸಿದ್ದಗಂಗಮ್ಮ. ಲೇಡೀಸ್ ಟೈಲರ್. ಮಗ ತಿಪ್ಪೇಶಿ, ವಯಸ್ಸು ಇಪ್ಪತ್ತಾರು, ಅದೇ ಅಂಗಡಿಯಲ್ಲಿ ಗುಂಡಿ ಹಾಕುವುದು, ಇಸ್ತ್ರಿ ಮಾಡುವುದು. ಒಂದು ದಿನ ತಾಯಿ "ಇಸ್ತ್ರಿಪೆಟ್ಟಿಗೆ ಕಾದ ಮೇಲೆ ನನ್ನನ್ನ ಕರಿ" ಎಂದಳು. ಹೇಳಿದ್ದನ್ನು ಮರೆತು ಚಳ್ಳಕೆರೆಗೆ ಮದುವೆಗೆ ಹೊರಟಳು. ಪೆಟ್ಟಿಗೆ ಕಾಯಿತು. ತಿಪ್ಪೇಶಿ ಚಳ್ಳಕೆರೆ ಬಸ್ಸು ಹತ್ತಿದ. ಧಾರೆಯ ಹೊತ್ತಿಗೆ ಸರಿಯಾಗಿ ಮಂಟಪದ ಮುಂದೆ ನಿಂತು, "ಅಮ್ಮಾ, ಇಸ್ತ್ರಿಪೆಟ್ಟಿಗೆ ಕಾದೈತೆ!" ಎಂದ.

ಅಷ್ಟು ಹೊತ್ತಿಗೆ ಹಿರಿಯೂರಿನಲ್ಲಿ ಇಸ್ತ್ರಿಮೇಜೂ ಕಾದಿತ್ತು.

"ಅಯ್ಯೋ ನನ್ನ ಕರ್ಮವೇ!" ಎಂದಳು ಸಿದ್ದಗಂಗಮ್ಮ. ಇದು ಅವಳು ದಿನಕ್ಕೆ ನಾಲ್ಕು ಸಲ ಹೇಳುವ ಮಾತು. ಹಬ್ಬದ ದಿನ ಆರು ಸಲ.

ಅವಳಿಗೆ ಇದ್ದ ಸುಖ ಒಂದೇ. ಭಾನುವಾರ ಮಧ್ಯಾಹ್ನ ಬಟ್ಟೆ ಕತ್ತರಿಸುವ ದೊಡ್ಡ ಮೇಜನ್ನು ಖಾಲಿ ಮಾಡಿ, ಅದರ ಸುತ್ತ ಕೂತು ಆಡುವ ಕತೆಯ ಆಟ. ಒಬ್ಬರು ಕತೆ ನಡೆಸುತ್ತಾರೆ. ಉಳಿದವರು ಒಬ್ಬೊಬ್ಬ ವೀರನೋ ವೀರೆಯೋ ಆಗಿ ಆ ಕತೆಯೊಳಗೆ ನಡೆಯುತ್ತಾರೆ. ಗುಹೆ ಬರುತ್ತದೆ, ಪಿಶಾಚಿ ಬರುತ್ತದೆ, ಯುದ್ಧ ಬರುತ್ತದೆ. ಏಟು ಬಿತ್ತೋ ತಪ್ಪಿತೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ.

ಕತೆ ನಡೆಸುವವರು ಜಯದೇವಪ್ಪ. ಮೂವತ್ತೊಂದು ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಎಲ್ಲರ ಬಾಯಲ್ಲೂ ಕಂಟ್ರೋಲರ್ ಸಾರ್. ಅವರ ಯುದ್ಧವೂ ಬಸ್‌ಸ್ಟ್ಯಾಂಡಿನಷ್ಟೇ ಶಿಸ್ತಿನದು. ಹೊಲಿಗೆ ಮಷೀನಿನಿಂದ ಕಿಟಕಿಯ ಸರಳಿಗೆ ಒಂದು ದಾರ. ಯುದ್ಧ ಶುರುವಾದರೆ ಎಲ್ಲರೂ ದಾಳ ಹಾಕಬೇಕು. ಹೆಚ್ಚು ಬಿದ್ದವರ ಹೆಸರಿನ ಚೀಟಿ ಮೊದಲು, ಕಡಿಮೆ ಬಿದ್ದವರದು ಕೊನೆಗೆ, ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಆ ದಾರದ ಮೇಲೆ. ಶತ್ರುವಿನ ಚೀಟಿಯೂ ಅದೇ ದಾರದ ಮೇಲೆ. ಅದೇ ಸರದಿ. ಸರದಿ ಬಂದವರು ಕಂಟ್ರೋಲರ್ ಮೂರು ಬೆರಳು ಮಡಿಸುವುದರೊಳಗೆ ಏನು ಮಾಡುತ್ತೇನೆಂದು ಹೇಳಬೇಕು. ಹೇಳದಿದ್ದರೆ, "ಬಸ್ ಹೋಯ್ತು!"

ಶತ್ರು ಬರುವುದು ಗೊತ್ತೇ ಇಲ್ಲದವರ ಚೀಟಿಯನ್ನು ಕಂಟ್ರೋಲರ್ ತಲೆಕೆಳಗು ಮಾಡುತ್ತಿದ್ದರು. "ಬೆಚ್ಚಿದ್ದೀರಿ" ಎನ್ನುತ್ತಿದ್ದರು. ಬೆಚ್ಚಿದವರಿಗೆ ಆ ಸುತ್ತಿನಲ್ಲಿ ಸರದಿ ಇಲ್ಲ. ಸುಮ್ಮನೆ ಏಟು ತಿನ್ನಬೇಕು.

ಇನ್ನೊಂದು ನಿಯಮ ಉಂಟು. ಪ್ರತಿ ವೀರನಿಗೂ ಒಂದು ಹಾಳೆ. ಅದರಲ್ಲಿ ಅವನ ಹೆಸರು, ಆಯುಧ, ಮಂತ್ರ, ಇಷ್ಟು ಉಸಿರು ಎಂಬ ಲೆಕ್ಕ. ಏಟಿಗೆ ಉಸಿರು ಕಳೆಯುತ್ತದೆ. ಉಸಿರು ಮುಗಿದರೆ ಕಂಟ್ರೋಲರ್ ಎದ್ದು ನಿಂತು ಹಾಳೆಯನ್ನು ಎರಡು ಮಾಡುತ್ತಾರೆ. ಟಿಕೆಟ್ ಹರಿದ ಹಾಗೆ. ಅಪೀಲಿಲ್ಲ.

ಸಿದ್ದಗಂಗಮ್ಮನ ಹಾಳೆಗೆ ಎಂಟು ವರ್ಷ. ಆಟದಲ್ಲಿ ಅವಳು ಜ್ವಾಲೆಮಾಲೆ ಎಂಬ ಬೆಂಕಿಯ ಮಂತ್ರಗಾತಿ. ಕರಿಕೋಟೆಯ ದೊರೆಯನ್ನು ಸುಟ್ಟೇ ತೀರುತ್ತೇನೆಂದು ಮೊದಲ ಭಾನುವಾರವೇ ಆಣೆ ಇಟ್ಟವಳು. ಹಾಳೆ ಮಡಿಕೆಯಲ್ಲಿ ಸವೆದಾಗ ಹಿಂದೆ ಕಾಲರಿಗೆ ಹಾಕುವ ಕ್ಯಾನ್ವಾಸ್ ಇಟ್ಟು ಅಂಟಿಸಿದ್ದಳು. ಊರಿನ ಅರ್ಧ ಹೆಂಗಸರ ಅಳತೆ ಪುಸ್ತಕ ಎಲ್ಲಿದೆಯೋ ಅವಳಿಗೆ ಗೊತ್ತಿರುತ್ತಿರಲಿಲ್ಲ. ಆ ಹಾಳೆ ಎಲ್ಲಿದೆ ಎಂದು ಗೊತ್ತಿರುತ್ತಿತ್ತು.

ಮೇಜಿನ ಸುತ್ತ ಇನ್ನಿಬ್ಬರು. ರಕ್ತಪರೀಕ್ಷೆಯ ಲ್ಯಾಬಿನ ಮುನೀರಾ. ಆಟದಲ್ಲಿ ಗಾಯ ಮಾಯಿಸುವ ವೈದ್ಯೆ. ಕಟಿಂಗ್ ಶಾಪಿನ ಪಾಂಡು, ಆಟದಲ್ಲಿ ಕಳ್ಳ. ನಾಲ್ಕನೆಯವರು ಒಬ್ಬ ಮೇಷ್ಟ್ರು. ಅವರಿಗೆ ಸಿಂಧನೂರಿಗೆ ವರ್ಗವಾಯಿತು. ನಾಲ್ಕು ಜನಕ್ಕೆ ಕಡಿಮೆ ಇದ್ದರೆ ಕರಿಕೋಟೆಯ ಬಾಗಿಲು ತೆರೆಯುವುದಿಲ್ಲ ಎಂದು ಕಂಟ್ರೋಲರ್ ಎಂಟು ವರ್ಷದ ಹಿಂದೆಯೇ ಡೈರಿಯಲ್ಲಿ ಬರೆದಿಟ್ಟಿದ್ದರು.

ಸಿದ್ದಗಂಗಮ್ಮ ಅಂಗಡಿಯ ಸುತ್ತ ಕಣ್ಣಾಡಿಸಿದಳು. ಅಲ್ಲಿ ತಿಪ್ಪೇಶಿ ಒಬ್ಬನೇ ಇದ್ದ.

"ಇವನಾ?" ಎಂದ ಪಾಂಡು.

"ಇವನೇ" ಎಂದಳು, ಸೀರೆಗೆ ಬೆಂಕಿ ಬಿದ್ದವಳ ಧ್ವನಿಯಲ್ಲಿ.

ಕಂಟ್ರೋಲರ್ ಹೊಸ ಹಾಳೆ ತೆಗೆದರು. "ವೀರನ ಹೆಸರು?"

"ತಿಪ್ಪೇಶಿ ಸಾರ್."

"ಅದು ನಿನ್ನ ಹೆಸರು. ಆಟದಲ್ಲಿ?"

"ಆಟದಾಗೂ ನಾನೇ ಅಲ್ವಾ ಸಾರ್ ಕೂತ್ಕಣದು?"

ಕಂಟ್ರೋಲರ್ ತಿಪ್ಪೇಶಿ ಎಂದೇ ಬರೆದರು. ಆಯುಧ, ಗದೆ. ಉಸಿರು, ಮೂವತ್ತು.

ಮೊದಲ ದಿನವೇ ತಿಪ್ಪೇಶಿ ಎಲ್ಲರ ಸರದಿಯಲ್ಲೂ ಮಾತಾಡಿದ. ಪಾಂಡುವನ್ನು ಕೇಳಿದರೆ ಇವನು ಹೇಳಿದ. ಮುನೀರಾಳನ್ನು ಕೇಳಿದರೆ ಇವನು ಹೇಳಿದ. ಪಿಶಾಚಿಯ ಪರವಾಗಿಯೂ ಒಂದು ಸಲ ಹೇಳಿದ. ಆಟ ಮುಗಿದ ಮೇಲೆ ತಾಯಿ ಕಿವಿ ಹಿಡಿದಳು.

"ಲೇ, ಬಸ್ಸಿಗೆ ನಿಂತಂಗೆ ನಿಂತ್ಕಬೇಕು ಕಣಲೇ! ನಿನ್ನ ಸರದಿ ಬರೋಗಂಟ ಬಾಯಿ ಬಿಡಬೇಡ!"

"ಆಗ್ಲಮ್ಮ" ಎಂದ ತಿಪ್ಪೇಶಿ.

ಮುಂದಿನ ಭಾನುವಾರ ನಾಲ್ವರೂ ಒಂದು ಕಣಿವೆಯಲ್ಲಿ ನಡೆಯುತ್ತಿದ್ದರು. ಶತ್ರು ಕಾಣುತ್ತದೆಯೇ ಎಂದು ಎಲ್ಲರೂ ದಾಳ ಹಾಕಿದರು. ಮೂವರಿಗೂ ಏನೂ ಕಾಣಲಿಲ್ಲ. ತಿಪ್ಪೇಶಿಗೆ ಹತ್ತೊಂಬತ್ತು ಬಿತ್ತು. ಕಂಟ್ರೋಲರ್ ಒಂದು ಚೂರು ಕಾಗದದಲ್ಲಿ ಬರೆದು ಅವನ ಕೈಗೆ ಕೊಟ್ಟರು: ಬಂಡೆಯ ಹಿಂದೆ ಎಂಟು ಪಿಶಾಚಿಗಳಿವೆ, ನಿನಗೊಬ್ಬನಿಗೇ ಕಂಡಿವೆ.

ತಿಪ್ಪೇಶಿ ಓದಿದ. ಮಡಿಸಿದ. ಜೇಬಿನಲ್ಲಿಟ್ಟುಕೊಂಡ.

"ಮುಂದೆ ನಡೆಯುತ್ತೀರಾ?" ಎಂದರು ಕಂಟ್ರೋಲರ್.

"ನಡೀತೀವಿ" ಎಂದಳು ಸಿದ್ದಗಂಗಮ್ಮ.

"ಯಾರಿಗಾದರೂ ಏನಾದರೂ ಹೇಳುವುದಿದೆಯಾ?" ಅವರು ತಿಪ್ಪೇಶಿಯ ಕಡೆಗೇ ನೋಡಿದರು. ತಿಪ್ಪೇಶಿ ತುಟಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡ.

ಎಂಟು ಪಿಶಾಚಿಗಳು ಹಾರಿದವು. ಮೂರು ಚೀಟಿಗಳು ತಲೆಕೆಳಗಾದವು. ಪಾಂಡುವಿನ ಕಳ್ಳ ಅಲ್ಲೇ ಸತ್ತ, ಹಾಳೆ ಹರಿಯಿತು. ಜ್ವಾಲೆಮಾಲೆಯ ನಲವತ್ತು ಉಸಿರಿನಲ್ಲಿ ಒಂಬತ್ತು ಉಳಿಯಿತು. ಎಂಟೂ ಪಿಶಾಚಿಗಳು ಹೊಡೆದು ಮುಗಿಸಿದ ಮೇಲೆ, ದಾರದ ಕೊನೆಯಲ್ಲಿದ್ದ ತಿಪ್ಪೇಶಿಯ ಸರದಿ ಬಂತು.

ತಿಪ್ಪೇಶಿ ತುಟಿ ಬಿಟ್ಟ. ಗಂಟಲು ಸರಿಮಾಡಿಕೊಂಡ.

"ಹುಷಾರು! ಬಂಡೆ ಹಿಂದೆ ಎಂಟು ಪಿಶಾಚಿ ಅವೆ!"

ಮುನೀರಾ ಎಷ್ಟು ಮದ್ದು ಅರೆದಳೋ ಲೆಕ್ಕವಿಲ್ಲ. ಹೇಗೋ ಉಳಿದರು. ಪಾಂಡು ಹೊಸ ಹಾಳೆಯಲ್ಲಿ ಸತ್ತ ಕಳ್ಳನ ತಮ್ಮನನ್ನು ಬರೆದ.

"ಅಯ್ಯೋ ನನ್ನ ಕರ್ಮವೇ! ಕಂಡಿದ್ದನ್ನ ಹೇಳಕೆ ಸರದಿ ಯಾಕಲೇ? ಶತ್ರು ಕಣ್ಣಿಗೆ ಬಿದ್ದ ತಕ್ಷಣ ಕೂಗ್ಬೇಕು! ಗಂಟಲು ಹರಿಯೋ ಹಂಗೆ ಕೂಗ್ಬೇಕು!"

"ಆಗ್ಲಮ್ಮ."

ಮುಂದಿನ ಭಾನುವಾರ ಕರಿಕೋಟೆಯ ಹೊರಬಾಗಿಲು. ಮೂವರು ದೈತ್ಯರು ಕಾವಲು. ಮೂವರೂ ನಿದ್ದೆ. ಅವರ ಸೊಂಟದಲ್ಲಿ ಬೀಗದ ಕೈ. ಇಂಥ ಅದೃಷ್ಟ ಎಂಟು ವರ್ಷದಲ್ಲಿ ಬಂದಿರಲಿಲ್ಲ. ಈ ಸಲ ಬೆಚ್ಚುವವರು ಅವರು, ಹೊಡೆಯುವವರು ನಾವು! ಪಾಂಡು ಉಸಿರು ಬಿಗಿಹಿಡಿದು ಹೇಳಿದ: "ಬೆಕ್ಕಿನ ಹೆಜ್ಜೆ ಇಡ್ತೀನಿ ಸಾರ್." ಮುನೀರಾ ಪಿಸುಗುಟ್ಟಿದಳು: "ನಾನೂ ಸಾರ್." ಸಿದ್ದಗಂಗಮ್ಮ ಪಿಸುಗುಟ್ಟಲೂ ಇಲ್ಲ, ತಲೆಯಾಡಿಸಿದಳು.

"ದೈತ್ಯರು ಈಗ ಹತ್ತು ಹೆಜ್ಜೆ ದೂರ. ನಾಲ್ವರಿಗೂ ಕಾಣುತ್ತಿದ್ದಾರೆ" ಎಂದರು ಕಂಟ್ರೋಲರ್.

"ಶತ್ರೂ!" ಎಂದು ಕೂಗಿದ ತಿಪ್ಪೇಶಿ. "ಶತ್ರು ಅವ್ರೆ! ಮೂರು ಜನ ಅವ್ರೆ! ಮಲಗವ್ರೆ!"

ಎದುರು ಬೇಕರಿಯವನು ಹೊರಗೆ ಬಂದು ನೋಡಿದ.

"ಮಲಗಿದ್ದರು" ಎಂದು ತಿದ್ದಿದರು ಕಂಟ್ರೋಲರ್. ಯಾರ ಚೀಟಿಯೂ ತಲೆಕೆಳಗಾಗಲಿಲ್ಲ. ಮೂವರು ದೈತ್ಯರೂ ಕಣ್ಣುಜ್ಜಿಕೊಂಡು ಎದ್ದು ತಮ್ಮ ತಮ್ಮ ಸರದಿಯಲ್ಲಿ ನಿಯಮಬದ್ಧವಾಗಿ ಹೊಡೆದರು. ಕಳ್ಳನ ತಮ್ಮನೂ ಸತ್ತ. ಹಾಳೆ ಹರಿಯಿತು. ಜ್ವಾಲೆಮಾಲೆ ಆರು ಉಸಿರಿನಲ್ಲಿ ಬೀಗದ ಕೈ ಹಿಡಿದು ಒಳಗೆ ತೆವಳಿದಳು.

"ಗುರುವೇ" ಎಂದ ಪಾಂಡು ತಿಪ್ಪೇಶಿಗೆ, "ಪಿಶಾಚಿ ಕಡೆಯೋರು ನಿನ್ನನ್ನ ಸನ್ಮಾನಕ್ಕೆ ಕರೆದವ್ರೆ, ಹೋಗ್ಬಾ."

"ಯಾವಾಗ?" ಎಂದ ತಿಪ್ಪೇಶಿ.

"ಅಯ್ಯೋ ನನ್ನ ಕರ್ಮವೇ!" ಎಂದಳು ತಾಯಿ. "ಕೂಗಿ ಕೆಲಸ ಕೆಡಿಸೋದಲ್ಲ ಕಣಲೇ! ಸದ್ದು ಮಾಡದಂಗೆ ಬಾಗಿಲ ಮರೇಲಿ ನಿಂತ್ಕ. ಬಾಗಿಲು ದಾಟಿ ಯಾರು ಬತ್ತಾರೋ ಅವರಿಗೆ ಮೊದಲು ಬಿಡು ಏಟು! ಆಮೇಲೆ ಮುಖ ನೋಡು!"

ಇದಕ್ಕೆ ಆಟದಲ್ಲಿ ಅವಕಾಶವೂ ಇತ್ತು. ಇಂಥದ್ದಾದರೆ ಹೀಗೆ ಮಾಡುತ್ತೇನೆ ಎಂದು ಮೊದಲೇ ಹೇಳಿಟ್ಟರೆ, ಅದು ಆದ ಕ್ಷಣದಲ್ಲಿ ಸರದಿ ಇಲ್ಲದೆಯೂ ಏಟು ನಡೆಯುತ್ತದೆ. ಕಂಟ್ರೋಲರ್ ಅದನ್ನು ಅಡ್ವಾನ್ಸ್ ಬುಕಿಂಗ್ ಎಂದು ಕರೆಯುತ್ತಿದ್ದರು.

"ಆಗ್ಲಮ್ಮ" ಎಂದ ತಿಪ್ಪೇಶಿ.

ನಾಲ್ಕನೆಯ ಭಾನುವಾರ ಕೋಟೆಯೊಳಗೆ ಒಂದು ಹಾಳು ಮಂಟಪದಲ್ಲಿ ಬೀಡು. ತಿಪ್ಪೇಶಿ ಕೂತ ತಕ್ಷಣ ಹೇಳಿಬಿಟ್ಟ. "ಸಾರ್, ಬುಕಿಂಗ್. ಬಾಗಿಲು ದಾಟಿ ಬಂದೋರಿಗೆ ಗದೇಲಿ ಒಂದು." ಕಂಟ್ರೋಲರ್ ಬರೆದುಕೊಂಡರು. ಸಿದ್ದಗಂಗಮ್ಮನಿಗೆ ಹೆಮ್ಮೆಯಾಯಿತು. ಮಗ ಒಂದು ವಾಕ್ಯವನ್ನು ಸರಿಯಾಗಿ ಹೇಳಿದ್ದ.

ಈಗ ಕತೆಯಲ್ಲಿ ಒಬ್ಬಳು ಅಜ್ಜಿ ಬರಬೇಕಿತ್ತು. ಕರಿಕೋಟೆಯ ದೊರೆಗೆ ಚಿಕ್ಕಂದಿನಲ್ಲಿ ಹಾಲೂಡಿಸಿದವಳು. ಅವನನ್ನು ಸೋಲಿಸುವ ಒಂದೇ ಒಂದು ಗುಟ್ಟು ಲೋಕದಲ್ಲಿ ಅವಳಿಗೊಬ್ಬಳಿಗೇ ಗೊತ್ತು. ಕಂಟ್ರೋಲರ್ ಅವಳ ಮಾತನ್ನು ಎರಡು ಪುಟ ಬರೆದು, ಮನೆಯಲ್ಲಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡು ಬಂದಿದ್ದರು. ಧ್ವನಿ ನಡುಗಿಸಿ ಶುರು ಮಾಡಿದರು.

"ಬಾಗಿಲು ದಾಟಿ ಒಬ್ಬಳು ಮುದುಕಿ ಬರುತ್ತಾಳೆ. 'ಮಕ್ಕಳೇ' ಎನ್ನುತ್ತಾಳೆ..."

ತಿಪ್ಪೇಶಿ ದಾಳ ಹಾಕಿದ. ಇಪ್ಪತ್ತು. ಆ ಮೇಜಿನ ಮೇಲೆ ಅವನಿಗೆ ಇಪ್ಪತ್ತು ಬಿದ್ದದ್ದು ಅದೊಂದೇ ಸಲ.

ಕಂಟ್ರೋಲರ್ ಎದ್ದು ನಿಂತರು. ಎರಡು ಪುಟಗಳನ್ನೂ ಜೋಡಿಸಿ ಹಿಡಿದು, ನಾಲ್ಕು ಮಾಡಿದರು.

"ಗುಟ್ಟು ಏನಿತ್ತು ಸಾರ್?" ಎಂದಳು ಮುನೀರಾ.

"ಅಜ್ಜಿಗೆ ಗೊತ್ತಿತ್ತು" ಎಂದರು ಕಂಟ್ರೋಲರ್.

ಈ ಸಲ ಸಿದ್ದಗಂಗಮ್ಮ ಕರ್ಮವನ್ನು ಕರೆಯಲಿಲ್ಲ. ಕರೆಯುವಷ್ಟು ಶಕ್ತಿ ಇರಲಿಲ್ಲ. ಮನೆಗೆ ಹೋಗಿ, ರೊಟ್ಟಿ ತಟ್ಟಿ, ರೊಟ್ಟಿ ಸುಟ್ಟು, ಆಮೇಲೆ ಶುರು ಮಾಡಿದಳು.

"ಬಾಗಿಲಿಗೆ ಬಂದೋರಿಗೆ ಹೊಡೀತಾರೇನಲೇ? ಯಾವ ಜನ ಕಣಲೇ ನಾವು? ಬಂದೋರಿಗೆ ಮೊದಲು ಒಂದು ಚೂರು ಬೆಲ್ಲ, ಒಂದು ಲೋಟ ನೀರು ಕೊಡ್ಬೇಕು! ಆಮೇಲೆ ಯಾವೂರು ಅಂತ ಕೇಳ್ಬೇಕು. ಯಾರ ಪೈಕಿ ಅಂತ ಕೇಳ್ಬೇಕು. ಮಕ್ಕಳೆಷ್ಟು ಅಂತ ಕೇಳ್ಬೇಕು. ನಿಮ್ಮ ಕಡೆ ಮಳೆ ಹೆಂಗೆ ಅಂತ ಕೇಳ್ಬೇಕು. ಒಂದೊಂದಾಗಿ, ನಿಧಾನಕ್ಕೆ, ಮರ್ಯಾದೆಯಾಗಿ!"

"ದೈತ್ಯ ಬಂದ್ರೆ?"

"ಯಾರೇ ಬರ್ಲಿ!" ಎಂದು ಕಿರುಚಿದಳು, ಅರ್ಧ ಸುಟ್ಟ ರೊಟ್ಟಿಯನ್ನು ಎತ್ತಿ ತೋರಿಸುತ್ತ.

"ಆಗ್ಲಮ್ಮ."

ಐದನೆಯ ಭಾನುವಾರ ಬಂತು. ದೊರೆಯ ದಿನ. ಯಾರೂ ಕಾಫಿ ಮುಟ್ಟಲಿಲ್ಲ.

ಕರಿಕೋಟೆಯ ದೊರೆಯ ಬಗ್ಗೆ ಎಲ್ಲರಿಗೂ ಗೊತ್ತಿದ್ದದ್ದು ಇಷ್ಟು. ಅವನಿಗೆ ತೊಂಬತ್ತು ಉಸಿರು. ಮುನ್ನೂರು ವರ್ಷದಿಂದ ಆಳುತ್ತಿದ್ದಾನೆ. ಆ ಮುನ್ನೂರು ವರ್ಷದಲ್ಲಿ ಒಮ್ಮೆಯೂ ಬೆಚ್ಚಿಲ್ಲ. ಅವನ ಮೇಲೆ ಯಾರು ಕೈ ಎತ್ತಿದರೂ ಅವರ ಏಟಿಗೆ ಮೊದಲು ಅವನ ಏಟು ಬೀಳುತ್ತದೆ. ದಾರದ ಮೇಲೆ ಯಾರು ಎಲ್ಲಿದ್ದರೂ ಅಷ್ಟೇ. ಅದು ಅವನ ವರ. ಇದನ್ನು ಮುರಿಯುವ ದಾರಿಯನ್ನು ಒಬ್ಬಳು ಅಜ್ಜಿ ಹೇಳಬೇಕಿತ್ತು.

ಜ್ವಾಲೆಮಾಲೆಗೆ ಮದ್ದೆಲ್ಲ ಮುಗಿದು ಏಳು ಉಸಿರಿತ್ತು. ದೊರೆಯ ಏಟು ಎಷ್ಟು ಹಗುರ ಬಿದ್ದರೂ ಎಂಟು ಕಳೆಯುತ್ತದೆ. ಸಿದ್ದಗಂಗಮ್ಮ ಹಾಳೆಯನ್ನು ಎರಡೂ ಅಂಗೈಯಿಂದ ಮುಚ್ಚಿಕೊಂಡು ಕೂತಳು.

"ಬಾಗಿಲು ಒಡೆಯುತ್ತದೆ" ಎಂದರು ಕಂಟ್ರೋಲರ್. "ದೊರೆ ಒಳಗೆ ಬರುತ್ತಾನೆ. ಹದಿನಾರು ಅಡಿ."

ದಾಳ ಬಿದ್ದವು. ದಾರದ ಮೇಲೆ ಮೊದಲು ಪಾಂಡು, ಆಮೇಲೆ ಮುನೀರಾ, ಆಮೇಲೆ ತಿಪ್ಪೇಶಿ, ಆಮೇಲೆ ಸಿದ್ದಗಂಗಮ್ಮ. ಕೊನೆಯಲ್ಲಿ ದೊರೆ. ಆದರೆ ಕೊನೆಯಲ್ಲಿದ್ದರೇನು, ಮೊದಲ ಏಟು ಅವನದೇ.

"ಪಾಂಡು!"

ಈಗ ಪಾಂಡು ಇಬ್ಬರು ಸತ್ತ ಕಳ್ಳರ ಭಾವಮೈದ. "ಚೂರಿ ಎಸೀತೀನಿ ಸಾರ್." ಚೂರಿ ಕೈಬಿಡುವ ಮೊದಲೇ ದೊರೆಯ ಏಟು. ಭಾವಮೈದ ಹೋದ. ಹಾಳೆ ಹರಿಯಿತು.

"ಮುನೀರಾ!"

"ಮಂತ್ರಿಸಿದ ಬಾಣ ಬಿಡ್ತೀನಿ ಸಾರ್." ಬಾಣ ಬತ್ತಳಿಕೆಯಲ್ಲಿರುವಾಗಲೇ ದೊರೆಯ ಏಟು. ವೈದ್ಯೆ ಮೂರ್ಛೆ ಹೋದಳು. ಒಂದು ಉಸಿರು ಉಳಿಯಿತು.

"ಸಿದ್ದಗಂಗಕ್ಕ, ನೀವು ಕೈ ಎತ್ತಬ್ಯಾಡಿ" ಎಂದ ಪಾಂಡು.

"ಎತ್ತದಿದ್ರೂ ಕೊನೇಲಿ ಅವನ ಸರದಿ ಬರುತ್ತಲ್ಲ" ಎಂದಳು ಮುನೀರಾ.

"ಸತ್ತವರು ಮಾತಾಡುವ ಹಾಗಿಲ್ಲ" ಎಂದರು ಕಂಟ್ರೋಲರ್. "ಮೂರ್ಛೆ ಹೋದವರು ಕಡಿಮೆ ಮಾತಾಡಬೇಕು. ತಿಪ್ಪೇಶಿ!"

"ಬೆಲ್ಲ ನೀರು ಕೊಡ್ತೀನಿ ಸಾರ್."

"ಯಾರಿಗೆ?"

"ದೊರೆಗೆ. ಬಾಗಿಲು ದಾಟಿ ಬಂದವ್ರೆ. ಆಗಿಂದ ನಿಂತೇ ಅವ್ರೆ ಪಾಪ."

ಸಿದ್ದಗಂಗಮ್ಮ ಕಣ್ಣು ಮುಚ್ಚಿಕೊಂಡಳು.

"ನೀರಿನಲ್ಲಿ ವಿಷ ಏನಾದರೂ?" ಎಂದರು ಕಂಟ್ರೋಲರ್.

"ಇಲ್ಲ ಸಾರ್. ನೀರು ಐತೆ."

"ಕೊಡುವ ನೆಪದಲ್ಲಿ ಹೊಡೆಯುವ ಉದ್ದೇಶ?"

"ಒಂದು ಕೈಲಿ ಬೆಲ್ಲ, ಒಂದು ಕೈಲಿ ಲೋಟ. ಹೆಂಗೆ ಹೊಡೀಲಿ ಸಾರ್?"

ಕಂಟ್ರೋಲರ್ ಡೈರಿ ತೆಗೆದರು. ತಮ್ಮದೇ ಕೈಬರಹವನ್ನು ಬೆರಳಿಟ್ಟು ಓದಿದರು. ಕೈ ಎತ್ತಿದವರಿಗೆ ಮೊದಲ ಏಟು ದೊರೆಯದು. ಇಲ್ಲಿ ಯಾರೂ ಕೈ ಎತ್ತಿಲ್ಲ, ಚಾಚಿದ್ದಾರೆ. ಪುಟ ತಿರುವಿದರು. ಎದುರು ನೋಡದ್ದು ಎದುರಾದರೆ ಬೆಚ್ಚಬೇಕು, ದೊರೆಯಾದರೂ, ದೈತ್ಯನಾದರೂ. ಮುನ್ನೂರು ವರ್ಷದಲ್ಲಿ ಆ ಮನುಷ್ಯನಿಗೆ ಯಾರಾದರೂ ಬೆಲ್ಲ ನೀರು ಕೊಟ್ಟಿದ್ದಾರೆಯೇ? ಕಂಟ್ರೋಲರ್ ಯೋಚಿಸಿದರು. ತಾವು ಮೂವತ್ತೊಂದು ವರ್ಷ ವಿಚಾರಣೆಯ ಕಿಟಕಿಯಲ್ಲಿ ಕೂತಿದ್ದರು. ಬಸ್ಸು ತಡವಾಯಿತೆಂದು ಹೊಡೆಯಲು ಬಂದವರು ಬಹಳ ಜನ. ಒಂದು ಲೋಟ ನೀರು ತಂದವರ ನೆನಪಾಗಲಿಲ್ಲ.

ಅವರು ಎದ್ದರು. ದಾರದ ಕೊನೆಗೆ ಹೋದರು. ದೊರೆಯ ಚೀಟಿಯನ್ನು ತಮ್ಮ ಕೈಯಿಂದಲೇ ತಲೆಕೆಳಗು ಮಾಡಿದರು.

"ದೊರೆ ಬೆಚ್ಚಿದ್ದಾನೆ."

ಮೂರ್ಛೆ ಹೋಗಿದ್ದ ಮುನೀರಾ ಎದ್ದು ಕೂತಳು. "ಬೆಚ್ಚಿದವರಿಗೆ ಸರದಿ ಇಲ್ಲ. ಅಲ್ವಾ ಸಾರ್?"

"ಇಲ್ಲ."

"ಎಲ್ಲರಿಗಿಂತ ಮೊದಲು ಹೊಡೆಯೋದೂ ಇಲ್ಲ?"

"ಸರದಿಯೇ ಇಲ್ಲದವನಿಗೆ ಮೊದಲೇನು, ಕೊನೆಯೇನು?"

"ಸಿದ್ದಗಂಗಕ್ಕಾ!" ಎಂದು ಕಿರುಚಿದ ಸತ್ತ ಪಾಂಡು. "ಹಾಕಿ ಬೆಂಕಿ!"

ಸಿದ್ದಗಂಗಮ್ಮ ಕಣ್ಣು ಬಿಟ್ಟಳು. ದಾಳ ಹಾಕಿದಳು. ಹದಿನೇಳು! ಎಂಟು ವರ್ಷದ ಬೆಂಕಿ ಒಂದೇ ಏಟಿಗೆ ಮೂವತ್ತು ಉಸಿರು ತಿಂದಿತು. ದೊರೆ ಒಂದು ಕೈಯಲ್ಲಿ ಬೆಲ್ಲ, ಒಂದು ಕೈಯಲ್ಲಿ ಲೋಟ ಹಿಡಿದು ಉರಿದ.

ಸುತ್ತು ಮುಗಿಯಿತು. ದೊರೆಯ ಚೀಟಿ ನೆಟ್ಟಗಾಯಿತು. ಮತ್ತೆ ತಿಪ್ಪೇಶಿ.

"ಯಾವೂರಾಯ್ತು ತಮ್ದು?"

ಉರಿಯುತ್ತಿರುವ ದೊರೆ ಎದುರು ನೋಡುವ ಪ್ರಶ್ನೆಯಲ್ಲ ಅದು. "ಕರಿಕೋಟೆ" ಎಂದರು ಕಂಟ್ರೋಲರ್, ದೊರೆಯ ಧ್ವನಿಯಲ್ಲಿ.

"ಅದು ಈಗ ಇರೋದು. ಮೂಲ?"

ಚೀಟಿ ತಲೆಕೆಳಗಾಯಿತು. ಸಿದ್ದಗಂಗಮ್ಮ ದಾಳ ಹಾಕಿದಳು. ದಾಳ ಜಾರಿ ಮೇಜಿನ ಕೆಳಗೆ, ಚಿಂದಿ ಬಟ್ಟೆಯ ಬುಟ್ಟಿಗೆ ಬಿತ್ತು. ಬುಟ್ಟಿಯಲ್ಲಿ ಮೂರು. ಏಟು ತಪ್ಪಿತು.

ಮುಂದಿನ ಸುತ್ತು. "ಯಾರ ಪೈಕಿ ತಾವು?"

"ನಾನು... ದೊರೆಗಳ ಪೈಕಿ" ಎಂದರು ಕಂಟ್ರೋಲರ್. ಚೀಟಿ ತಲೆಕೆಳಗು. ದಾಳ ಹದಿನೈದು. ಇಪ್ಪತ್ತೇಳು ಉಸಿರು ಖಾಲಿ!

ಮುಂದಿನ ಸುತ್ತು. "ಮಕ್ಕಳೆಷ್ಟು ಸಾಮಿ?"

ಕಂಟ್ರೋಲರ್ ದಾರದ ಮೇಲಿನ ದೊರೆಯ ಚೀಟಿ ನೋಡಿದರು. ಎಂಟು ವರ್ಷದಿಂದ ಅವರೇ ಸಾಕಿದ ದೊರೆ. "ಮಕ್ಕಳಿಲ್ಲಪ್ಪ" ಎಂದರು.

"ಛೆ!" ಎಂದ ತಿಪ್ಪೇಶಿ. ನಿಜವಾಗಿಯೂ ಬೇಸರವಾಗಿತ್ತು ಅವನಿಗೆ.

ಚೀಟಿ ತಲೆಕೆಳಗು. ಬೆಂಕಿ. ಇಪ್ಪತ್ತೈದು ಉಸಿರು! ಪಾಂಡು ಬೆರಳು ಮಡಿಸಿ ಲೆಕ್ಕ ಹಾಕಿದ. ತೊಂಬತ್ತರಲ್ಲಿ ಎಂಟು ಉಳಿದಿತ್ತು.

ಆಗ ಕಂಟ್ರೋಲರ್ ಡೈರಿ ಮುಚ್ಚಿದರು. ಬಸ್‌ಸ್ಟ್ಯಾಂಡಿನ ಧ್ವನಿ ಬಂತು.

"ಗಮನಿಸಿ. ದೊರೆ ಮೂರ್ಖನಲ್ಲ. ಇವನು ಪ್ರತಿ ಸುತ್ತಿನಲ್ಲೂ ಒಂದು ಕುಶಲ ಕೇಳುತ್ತಾನೆ ಎಂದು ಅವನಿಗೆ ಈಗ ಗೊತ್ತಾಗಿದೆ. ಮುಂದಿನ ಪ್ರಶ್ನೆಗೆ ಅವನು ಕಾದು ನಿಂತಿದ್ದಾನೆ. ಎದುರು ನೋಡುತ್ತಿದ್ದಾನೆ. ಇನ್ನು ಬೆಚ್ಚುವುದಿಲ್ಲ."

ಉಳಿದಿದ್ದ ಪ್ರಶ್ನೆ ಒಂದೇ, ಮಳೆಯದು. ದೊರೆ ಅದಕ್ಕೆ ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದ ಎಂದು ಕಂಟ್ರೋಲರ್ ಆಮೇಲೆ ಒಪ್ಪಿಕೊಂಡರು: ಈ ಸಲ ಪರವಾಗಿಲ್ಲ. ಬೆಚ್ಚದಿದ್ದರೆ ಮುಗಿಯಿತು. ಸಿದ್ದಗಂಗಮ್ಮ ಕೈ ಎತ್ತಿದರೂ ಸಾವು, ಎತ್ತದಿದ್ದರೂ ಸಾವು. ಅವಳು ಹಾಳೆಯ ಮೇಲಿನ ಸುಕ್ಕನ್ನು ಹೆಬ್ಬೆರಳಿನಿಂದ ತೀಡಿದಳು. ಹರಿಯುವಾಗ ನೆಟ್ಟಗಾದರೂ ಹರಿಯಲಿ ಎಂಬ ಹಾಗೆ.

"ತಿಪ್ಪೇಶಿ!"

ತಿಪ್ಪೇಶಿ ಬಾಯಿ ತೆರೆದ. ಸೀಲಿಂಗು ನೋಡಿದ. ತಲೆ ಕೆರೆದ.

"ಅಮ್ಮಾ, ಮಕ್ಕಳಾದ ಮೇಲೆ ಏನು ಕೇಳ್ಬೇಕು ಅಂದಿದ್ದೆ?"

"ಹೇಳಿಕೊಡುವ ಹಾಗಿಲ್ಲ" ಎಂದು ಕಂಟ್ರೋಲರ್ ಒಂದು ಬೆರಳು ಮಡಿಸಿದರು.

"ಊರು ಆಯ್ತು. ಪೈಕಿ ಆಯ್ತು..."

ಎರಡನೆಯ ಬೆರಳು.

"ನೆನಪೇ ಬತ್ತಿಲ್ಲ ಕಣಮ್ಮ!"

ಮೂರನೆಯ ಬೆರಳು. "ಬಸ್ ಹೋಯ್ತು!" ಎಂದರು ಕಂಟ್ರೋಲರ್. ಆ ಧ್ವನಿಯಲ್ಲಿ ಹದಿನಾರು ಅಡಿಯ ಸಂತೋಷವಿತ್ತು.

"ಸಾರ್!" ಎಂದು ಮುನೀರಾ ಎದ್ದು ನಿಂತಳು. ಮೂರ್ಛೆಯ ವಿಚಾರ ಅವಳಿಗೂ ಮರೆತಿತ್ತು. "ದೊರೆ ಏನನ್ನ ಎದುರು ನೋಡ್ತಿದ್ದ?"

"ಪ್ರಶ್ನೆಯನ್ನು."

"ಪ್ರಶ್ನೆ ಬಂತಾ?"

ಕಂಟ್ರೋಲರ್ ಮತ್ತೆ ಡೈರಿ ಬಿಚ್ಚಿದರು.

"ಉತ್ತರ ಬಾಯಲ್ಲಿ ಇಟ್ಕೊಂಡು ನಿಂತಿದ್ದ. ಪ್ರಶ್ನೆ ಬರಲೇ ಇಲ್ಲ. ಎದುರು ನೋಡದ್ದು ಎದುರಾಯ್ತೋ ಇಲ್ವೋ ಸಾರ್? ನಿಮ್ಮ ಡೈರೀಲೇ ಇದೆ!"

ಮೂವತ್ತೊಂದು ವರ್ಷ ವೇಳಾಪಟ್ಟಿಗೆ ತಪ್ಪದ ಮನುಷ್ಯ. ಬರುತ್ತದೆ ಎಂದು ಕಾದ ಬಸ್ಸು ಬಾರದೆ ಹೋದಾಗ ಜನರ ಮುಖ ಹೇಗಾಗುತ್ತದೆ ಎಂದು ಆ ಊರಿನಲ್ಲಿ ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅವರು ನಿಧಾನವಾಗಿ ಎದ್ದರು. ಚೀಟಿ ತಲೆಕೆಳಗಾಯಿತು.

ಸಿದ್ದಗಂಗಮ್ಮ ದಾಳವನ್ನು ಹಣೆಗೆ ಮುಟ್ಟಿಸಿಕೊಂಡು ಬಿಟ್ಟಳು. ಅದು ಕತ್ತರಿಗೆ ತಾಗಿತು, ಟೇಪಿಗೆ ತಾಗಿತು, ಉರುಳಿ ಉರುಳಿ ಬಟ್ಟೆಯ ಅಂಚಿನಲ್ಲಿ ನಿಂತಿತು. ಹದಿನೆಂಟು!

ಕರಿಕೋಟೆಯ ದೊರೆ ಉರಿದು ಬೂದಿಯಾದ. ಪಾಂಡು ಕುರ್ಚಿ ಹತ್ತಿ ಕುಣಿದ. ಮುನೀರಾ ಅಲ್ಲಿದ್ದ ಬ್ಲೌಸ್ ಪೀಸುಗಳನ್ನೆಲ್ಲ ಗಾಳಿಗೆ ಎಸೆದಳು. ಕಂಟ್ರೋಲರ್ ದೊರೆಯ ಹಾಳೆಯನ್ನು ಎರಡು ಮಾಡಿ, ಎರಡೂ ತುಂಡನ್ನು ಸಿದ್ದಗಂಗಮ್ಮನ ಕೈಯಲ್ಲಿಟ್ಟು, ತಲೆಬಾಗಿದರು. "ಸಿದ್ದಗಂಗಮ್ಮನವರೇ, ಕೋಟೆ ನಿಮ್ಮದು."

ಸಿದ್ದಗಂಗಮ್ಮ ಮಗನನ್ನು ತಬ್ಬಿಕೊಂಡಳು. ನಕ್ಕಳು, ಅತ್ತಳು, ಅವನ ಬೆನ್ನಿಗೆ ಗುದ್ದಿದಳು.

"ನನ್ನ ಬಂಗಾರ ಕಣಲೇ ನೀನು! ಹೋಗು, ಹೊರಗೋಗಿ ಕಂಡೋರಿಗೆಲ್ಲ ಹೇಳು! ಏನೂ ಮುಚ್ಚಿಡಬೇಡ! ಏನೇನಾಯ್ತೋ ಹಂಗಂಗೇ ಹೇಳು!"

"ಆಗ್ಲಮ್ಮ" ಎಂದು ತಿಪ್ಪೇಶಿ ಹೊರಟ.

ಅವನಿಗೆ ಮೊದಲು ಕಂಡವರು ಬೇಕರಿಯ ಮುಂದೆ ಬನ್ನು ತಿನ್ನುತ್ತಿದ್ದ ಹೆಡ್ ಕಾನ್‌ಸ್ಟೇಬಲ್. ತಿಪ್ಪೇಶಿ ಏನೂ ಮುಚ್ಚಿಡಲಿಲ್ಲ.

ಕಾಲು ಗಂಟೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಅಂಗಡಿಯ ಬಾಗಿಲಲ್ಲಿ ನಿಂತಿದ್ದರು. ಹಿಂದೆ ಅರ್ಧ ಬೀದಿ. ಎಲ್ಲರ ಮುಂದೆ ತಿಪ್ಪೇಶಿ, ದಾರಿ ತೋರಿಸುವವನ ಗತ್ತಿನಲ್ಲಿ.

"ಏನ್ರೀ ಇದು?" ಎಂದರು ಹೆಡ್ ಕಾನ್‌ಸ್ಟೇಬಲ್, ಪುಸ್ತಕ ಬಿಚ್ಚುತ್ತ. "ತುಂಬಾ ವಯಸ್ಸಾದ ಯಜಮಾನರಂತೆ. ಮಕ್ಕಳಿಲ್ವಂತೆ. ಬಾಗಿಲಿಗೆ ಬಂದೋರಿಗೆ ಬೆಲ್ಲ ನೀರು ಕೊಟ್ಟು, ಮಾತಾಡಿಸ್ತಾ ಮಾತಾಡಿಸ್ತಾ ಸುಟ್ಟುಬಿಟ್ರಂತೆ. ಹೋದ ವಾರ ಅವರ ಮನೆ ಮುದುಕೀನೂ ಹೊಡೆದು ಹಾಕಿದ್ರಂತೆ. ಮೂರು ಜನ ಕಳ್ಳರು ಬೇರೆ ಸತ್ತವ್ರಂತೆ. ನಿಜವಾ?"

ಕಂಟ್ರೋಲರ್, ಮುನೀರಾ, ಕುರ್ಚಿಯ ಮೇಲಿದ್ದ ಪಾಂಡು, ಮೂವರೂ ಇದನ್ನು ಎದುರು ನೋಡಿರಲಿಲ್ಲ. ಬೆಚ್ಚಿದವರಿಗೆ ಸರದಿ ಇಲ್ಲ.

"ನಿಜ ಸಾರ್, ನಾನೇ ಹೇಳಿದ್ನಲ್ಲ!" ಎಂದ ತಿಪ್ಪೇಶಿ.

"ಆ ಯಜಮಾನರನ್ನ ಸುಟ್ಟಿದ್ದು ಯಾರು?"

ಸಿದ್ದಗಂಗಮ್ಮ ಎದ್ದಳು. ಹೆಗಲ ಮೇಲಿನ ಟೇಪನ್ನು ಸರಿಮಾಡಿಕೊಂಡಳು. ಈ ಪ್ರಶ್ನೆಯನ್ನು ಊರಿನವರ ಎದುರಿಗೆ ಯಾರಾದರೂ ಕೇಳಲಿ ಎಂದು ಅವಳು ಎಂಟು ವರ್ಷದಿಂದ ಕಾದಿದ್ದಳು.

"ನಾನು!" ಎಂದಳು. "ನಾನೊಬ್ಬಳೇ! ದಪ್ಪ ಅಕ್ಷರದಾಗೆ ಬರ್ಕಳಿ!"